ಹೋಟೆಲ್ ಗುಂಪಿನ ಮೇಲಿನ ದರ್ಜೆಯ ಸ್ಟೇಟಸ್ ಬೇಕಾ? ನನ್ನ ಎರಡು ಕಾಲಂ ಲೆಕ್ಕ

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮುಂದಿನಿಂದ ತೆರೆದರೆ ಆಫೀಸಿನ ಕೆಲಸ. ಹಿಂದಿನಿಂದ ತೆರೆದರೆ ಎರಡು ಕಾಲಂ. ಎಡಗಡೆ ‘ಕೊಟ್ಟಿದ್ದು’. ಬಲಗಡೆ ‘ಇದಕ್ಕೆ ನಾನಾಗಿದ್ದರೆ ಎಷ್ಟು ಕೊಡ್ತಿದ್ದೆ’. ಹೋಟೆಲಿನವರು ಪುಕ್ಕಟೆಯಾಗಿ ಏನೇ ಕೊಟ್ಟರೂ ಅವತ್ತೇ ರಾತ್ರಿ ಬರೆದಿಡುತ್ತೇನೆ. ಹಣ್ಣಿನ ಬುಟ್ಟಿ: 0. ಸಂಜೆ ನಾಲ್ಕರ ಚೆಕ್‌ಔಟ್: 1,500. ಟವೆಲ್ ಮಡಚಿ ಮಾಡಿದ ಆನೆ: 0, ಆದರೆ ಚೆನ್ನಾಗಿತ್ತು.

ನಾನು ಔಷಧ ಫ್ಯಾಕ್ಟರಿಗಳ ಆಡಿಟ್ ಮಾಡುವವಳು. ಊರು ಗದಗ, ಮನೆ ಬೆಂಗಳೂರಿನ ರಾಜಾಜಿನಗರ, ಜೀವನ ಹೈದರಾಬಾದ್, ವಿಶಾಖಪಟ್ಟಣ, ಅಂಕಲೇಶ್ವರ, ಬದ್ದಿ ಅಂತ ಸುತ್ತುವುದರಲ್ಲಿ. ವರ್ಷಕ್ಕೆ ಒಂದೆರಡು ಸಲ ಸಿಂಗಾಪುರ ಅಥವಾ ಸ್ವಿಟ್ಜರ್ಲೆಂಡಿನ ಬಾಸೆಲ್. ತಮ್ಮಲ್ಲಿ ಹೆಚ್ಚು ರಾತ್ರಿ ತಂಗುವವರಿಗೆ ಹೋಟೆಲ್ ಗುಂಪುಗಳು ಒಂದು ದರ್ಜೆ ಕೊಡುತ್ತವೆ, ಅದೇ ಸ್ಟೇಟಸ್. ಒಂದು ದೊಡ್ಡ ಹೋಟೆಲ್ ಗುಂಪಿನ ಅತಿ ಮೇಲಿನ ಮೆಟ್ಟಿಲಲ್ಲಿ ಎರಡು ವರ್ಷ ಇದ್ದೆ. ನನಗೇ ಅಂತ ಒಬ್ಬರು ಪರ್ಸನಲ್ ಕನ್ಸಿಯರ್ಜ್, ಅಂದರೆ ಅತಿಥಿ ಕೇಳಿದ ಕೆಲಸ ಮಾಡಿಸಿಕೊಡುವವರು, ಕೂಡ ಇದ್ದರು. ಗುಂಪಿನ ಹೆಸರು ಬೇಡ. ಈಗ ಅಲ್ಲಿಲ್ಲ, ಬೇಕಂತಲೇ ಇಳಿದೆ. ‘ಅಕ್ಕಾ, ಅದಕ್ಕೆ ಟ್ರೈ ಮಾಡ್ಲಾ?’ ಅಂತ ಆಫೀಸಿನ ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಮೆಟ್ಟಿಲು ಎಣಿಸಿ

ದೊಡ್ಡ ಗುಂಪುಗಳಲ್ಲಿ ಆಟ ಹೆಚ್ಚುಕಮ್ಮಿ ಒಂದೇ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಇಷ್ಟು ರಾತ್ರಿ ತಂಗಿದರೆ ಇಂಥ ದರ್ಜೆ. ಮುಂದಿನ ವರ್ಷ ಪೂರ್ತಿ ಅದು ನಿಮ್ಮದು. ಜನವರಿ 1ಕ್ಕೆ ಎಣಿಕೆ ಮತ್ತೆ ಸೊನ್ನೆ.

ಮ್ಯಾರಿಯಟ್ ಗುಂಪಿನ ಸದಸ್ಯತ್ವ ಯೋಜನೆ ಬೋನ್‌ವಾಯ್ ತೆಗೆದುಕೊಳ್ಳೋಣ, ಯಾಕೆಂದರೆ ಭಾರತದ ಊರುಗಳಲ್ಲಿ ಆ ಗುಂಪಿನ ಹೋಟೆಲುಗಳು ಜಾಸ್ತಿ. 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟೇನಿಯಂ. ಎಲ್ಲಕ್ಕಿಂತ ಮೇಲೆ ಅಂಬಾಸಡರ್. ಅದಕ್ಕೆ 100 ರಾತ್ರಿ ಸಾಲದು, ಅದೇ ವರ್ಷ 23,000 ಡಾಲರ್ ಖರ್ಚೂ ಆಗಿರಬೇಕು. ತೆರಿಗೆ ಅದರಲ್ಲಿ ಸೇರುವುದಿಲ್ಲ. ಮ್ಯಾರಿಯಟ್‌ನಲ್ಲಿ ಪರ್ಸನಲ್ ಕನ್ಸಿಯರ್ಜ್ ಥರ ಒಬ್ಬರು ಸಿಗುವುದು ಆ ದರ್ಜೆಗೆ ಮಾತ್ರ. ಹಯಾತ್‌ನಲ್ಲಿ 60 ರಾತ್ರಿಗೆ ಗ್ಲೋಬಲಿಸ್ಟ್, ಅದರ ಜೊತೆಗೇ ಕನ್ಸಿಯರ್ಜ್ ಬರುತ್ತಾರೆ, ಖರ್ಚಿನ ಷರತ್ತು ಇಲ್ಲ. ಕೇಳೋಕೆ ಹಯಾತ್ ಸುಲಭ. ಆದರೆ ನೀವು ಹೋಗುವ ಊರುಗಳಲ್ಲಿ ಹಯಾತ್ ಇದೆಯಾ ನೋಡಿಕೊಳ್ಳಿ. ನನ್ನ ಬದ್ದಿಯಂಥ ಕಡೆ ಈ ಪ್ರಶ್ನೆಯಲ್ಲೇ ಆಟ ಮುಗಿಯುತ್ತದೆ.

ಇಲ್ಲೊಂದು ವಿಷಯ ತುಂಬಾ ಜನರಿಗೆ ಹೊಳೆಯುವುದಿಲ್ಲ. ಭಾರತದಲ್ಲೇ ತಿರುಗುವವರಿಗೆ ರಾತ್ರಿ ಸಿಗುತ್ತದೆ, ಡಾಲರ್ ಸಿಗುವುದಿಲ್ಲ. ಕಂಪನಿ ರೇಟಿನಲ್ಲಿ ರೂಮು 8,000 ರೂಪಾಯಿ ಅಂತ ಇಟ್ಟುಕೊಳ್ಳಿ. 100 ರಾತ್ರಿಗೆ 8 ಲಕ್ಷ, ಅಂದರೆ ಸುಮಾರು 9,000 ಡಾಲರ್. 23,000 ಡಾಲರ್ ಅಂದರೆ 20 ಲಕ್ಷದ ಹತ್ತಿರ. ಉಳಿದ 12 ಲಕ್ಷ ಎಲ್ಲಿಂದ ತರುತ್ತೀರಿ? ಲಾಂಡ್ರಿ, ಊಟ ಎಲ್ಲ ರೂಮಿನ ಬಿಲ್ಲಿಗೆ ಹಾಕಿಸಿದರೂ ತುಂಬುವುದಿಲ್ಲ. ವಿದೇಶದ ಟ್ರಿಪ್ಪುಗಳು ಇದ್ದವರಿಗೆ ಮಾತ್ರ ಅದು ಮುಟ್ಟುತ್ತದೆ. ಇಲ್ಲಿಯೇ ಪ್ರಾಜೆಕ್ಟ್ ಮೇಲೆ ವಾರಕ್ಕೆ ನಾಲ್ಕು ದಿನ ಪುಣೆಗೋ ಚೆನ್ನೈಗೋ ಹೋಗುವವರು ಆ ಮೆಟ್ಟಿಲನ್ನು ಮರೆತುಬಿಡುವುದು ಒಳ್ಳೆಯದು. ಇದು ನಿಮ್ಮ ತಪ್ಪಲ್ಲ, ರೂಮಿನ ದರದ ಲೆಕ್ಕ ಅಷ್ಟೇ.

ಇನ್ನೊಂದು. ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್ ಥರದ ಕಡೆ ಬುಕ್ ಮಾಡಿದ ರಾತ್ರಿಗೆ ಸಾಮಾನ್ಯವಾಗಿ ಪಾಯಿಂಟೂ (ಮುಂದೆ ರೂಮಿಗೆ ದುಡ್ಡಿನ ಬದಲು ಕೊಡುವಂಥದ್ದು) ಇಲ್ಲ, ಎಣಿಕೆಯೂ ಇಲ್ಲ. ನಿಮ್ಮ ಕಂಪನಿಯ ಟ್ರಾವೆಲ್ ಡೆಸ್ಕ್ ಹೇಗೆ ಬುಕ್ ಮಾಡುತ್ತದೆ ಅಂತ ಮೊದಲು ಕೇಳಿ. ಹೋಟೆಲಿನ ಕಾರ್ಪೊರೇಟ್ ರೇಟಿನಲ್ಲಿ ಮಾಡಿದರೆ ಎಣಿಕೆಗೆ ಬರುತ್ತದೆ. ಯಾವುದೋ ಏಜೆಂಟ್ ಮೊದಲೇ ಸಗಟಾಗಿ ಕೊಂಡ ರೂಮಾದರೆ ಬರುವುದಿಲ್ಲ. ನಮ್ಮ ಟೀಮಿನ ಒಬ್ಬ ಆರು ತಿಂಗಳು ಹಾಗೇ ತಂಗಿ, ಜೂನ್‌ನಲ್ಲಿ ಆಪ್ ತೆರೆದು ನೋಡಿದ. 3 ರಾತ್ರಿ ತೋರಿಸುತ್ತಿತ್ತು.

ಬಲಗಡೆ ಕಾಲಂ ತುಂಬುವುದು ಹೇಗೆ

ಗುಂಪಿನವರ ಜಾಹೀರಾತಿನಲ್ಲಿ ಪ್ರತಿಯೊಂದಕ್ಕೂ ದೊಡ್ಡ ಬೆಲೆ ಇರುತ್ತದೆ. ಸೂಟ್, ಅಂದರೆ ಬೇರೆ ಹಾಲ್ ಇರುವ ದೊಡ್ಡ ರೂಮು, ಸಿಕ್ಕರೆ ‘15,000 ರೂಪಾಯಿ ಲಾಭ’ ಅಂತ ಜನ ಫೋಟೋ ಹಾಕುತ್ತಾರೆ. ಸ್ವಲ್ಪ ತಡೀರಿ. ರಾತ್ರಿ ಹನ್ನೊಂದಕ್ಕೆ ಬಂದು, ಬೆಳಿಗ್ಗೆ ಆರೂವರೆಗೆ ಫ್ಯಾಕ್ಟರಿ ಕಾರು ಹತ್ತುವ ನನಗೆ ಎರಡನೇ ಸೋಫಾ ಯಾಕೆ? ಅದಕ್ಕೆ ನನ್ನ ಕೈಯಿಂದ ಎಷ್ಟು ಕೊಡುತ್ತಿದ್ದೆ? ಸೊನ್ನೆ. ಹಾಗಾದರೆ ಸೊನ್ನೆ ಬರೆಯಿರಿ. ಈ ಒಂದು ಶಿಸ್ತು ಬಂದರೆ ಅರ್ಧ ಭ್ರಮೆ ಇಳಿಯುತ್ತದೆ.

ಬೆಳಗಿನ ತಿಂಡಿ. ಭಾರತದ ಬಹುತೇಕ ಕಾರ್ಪೊರೇಟ್ ರೇಟಿನಲ್ಲಿ ತಿಂಡಿ ಮೊದಲೇ ಸೇರಿರುತ್ತದೆ. ಸ್ಟೇಟಸ್ ಇರಲಿ ಬಿಡಲಿ, ನಿಮಗೆ ಇಡ್ಲಿ ಸಿಗುತ್ತದೆ. ಆದ್ದರಿಂದ ಕೆಲಸದ ಟ್ರಿಪ್ಪಿನ ತಿಂಡಿಗೆ ನಾನು ಏನೂ ಬರೆಯುವುದಿಲ್ಲ. ಸ್ವಂತ ದುಡ್ಡಿನಲ್ಲಿ ಮನೆಯವರ ಜೊತೆ ಹೋದಾಗ ಮಾತ್ರ ಬರೆಯುತ್ತೇನೆ, ಅದೂ ಹೋಟೆಲಿನ ಬಫೆ ದರ ಅಲ್ಲ. ಹೊರಗೆ ದರ್ಶಿನಿಯಲ್ಲಿ ತಿಂದು ಬಂದಿದ್ದರೆ ಆಗುತ್ತಿದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂದಹಾಗೆ ತಿಂಡಿಯೇ ಮುಖ್ಯ ಅನ್ನುವವರು ಹಿಲ್ಟನ್ ನೋಡಿ. ಅಮೆರಿಕದ ಆಚೆ ಅಲ್ಲಿ ಗೋಲ್ಡ್ ದರ್ಜೆಗೇ ತಿಂಡಿ ಸಿಗುತ್ತದೆ. ಮ್ಯಾರಿಯಟ್‌ನಲ್ಲಿ ಗೋಲ್ಡ್‌ಗೆ ಸಿಗುವುದಿಲ್ಲ, ಪ್ಲಾಟಿನಂ ತನಕ ಕಾಯಬೇಕು, ಅಲ್ಲೂ ಬ್ರ್ಯಾಂಡ್ ಬ್ರ್ಯಾಂಡಿಗೆ ನಿಯಮ ಬೇರೆ.

ಸಂಜೆಯ ಲೌಂಜ್, ಅಂದರೆ ಮೇಲಿನ ದರ್ಜೆಯವರು ಕೂತು ಪುಕ್ಕಟೆಯಾಗಿ ತಿನ್ನುವ ಕೋಣೆ. ಇದರ ಬೆಲೆ ನಿಮ್ಮ ಕಂಪನಿ ಊಟದ ದುಡ್ಡು ಹೇಗೆ ಕೊಡುತ್ತದೆ ಅನ್ನುವುದರ ಮೇಲೆ ನಿಂತಿದೆ. ಬಿಲ್ ಕೊಟ್ಟರೆ ಮಾತ್ರ ದುಡ್ಡು ವಾಪಸ್ ಅಂತಾದರೆ ಲೌಂಜಿನಲ್ಲಿ ತಿಂದು ಉಳಿಸಿದ್ದು ಕಂಪನಿಯ ದುಡ್ಡು. ದಿನಕ್ಕಿಷ್ಟು ಅಂತ ಭತ್ಯೆ ಕೊಡುವುದಾದರೆ ಉಳಿದದ್ದು ನಿಮ್ಮದು. ನನಗೆ ಭತ್ಯೆ. ಸಂಜೆ ಏಳಕ್ಕೆ ಎರಡು ಕಬಾಬು, ಒಂದು ಸೂಪು, ಸ್ವಲ್ಪ ಸಲಾಡ್ ಅಂದರೆ ಊಟವೇ ಆಯಿತು. 400 ಬರೆಯುತ್ತೇನೆ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಒಬ್ಬಳೇ ಹೆಂಗಸು ರೆಸ್ಟೋರೆಂಟಿನಲ್ಲಿ ಕೂತರೆ ಪಕ್ಕದ ಟೇಬಲ್ಲಿನವರಿಗೆ ಟಿವಿ ಬೇಡ. ಲೌಂಜಿನಲ್ಲಿ ಆ ಕಾಟ ಇಲ್ಲ. ಇದಕ್ಕೆ ಬೆಲೆ ಹಾಕೋಕೆ ನನಗೆ ಬರಲಿಲ್ಲ. ಕಾಲಂನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಆದರೆ ಲೌಂಜ್ ಇರುವುದು ದೊಡ್ಡ ಹೋಟೆಲುಗಳಲ್ಲಿ. ಮ್ಯಾರಿಯಟ್‌ನದೇ ಸಾಧಾರಣ ಬ್ರ್ಯಾಂಡ್ ಫೇರ್‌ಫೀಲ್ಡ್ ಥರದ್ದರಲ್ಲಿ ನೀವು ಎಷ್ಟೇ ಮೇಲಿನ ದರ್ಜೆಯವರಾದರೂ ಲೌಂಜೇ ಇಲ್ಲ. ಇನ್ನೊಂದು ತುದಿಯಲ್ಲಿ ಅದೇ ಗುಂಪಿನ ದುಬಾರಿ ಬ್ರ್ಯಾಂಡ್ ರಿಟ್ಜ್-ಕಾರ್ಲ್‌ಟನ್, ಅಲ್ಲಿ ಲೌಂಜ್ ಇದ್ದರೂ ಸ್ಟೇಟಸ್ ನೋಡಿ ಒಳಗೆ ಬಿಡುವುದಿಲ್ಲ.

ತಡವಾದ ಚೆಕ್‌ಔಟ್. ನನ್ನ ಲೆಕ್ಕದಲ್ಲಿ ಇದೇ ರಾಜ. ಆಡಿಟ್ ಮುಗಿಯುವುದು ಕೊನೆಯ ದಿನ ಮಧ್ಯಾಹ್ನ ಒಂದಕ್ಕೆ. ವಿಮಾನ ರಾತ್ರಿ ಎಂಟೂವರೆಗೆ. ಫ್ಯಾಕ್ಟರಿಯ ವಾಸನೆ ತಲೆಕೂದಲಲ್ಲಿ ಕೂತಿರುತ್ತದೆ. ನಾಲ್ಕು ಗಂಟೆಯ ತನಕ ರೂಮಿದ್ದರೆ ಬಂದು ಸ್ನಾನ ಮಾಡಿ, ಸೀರೆಯೋ ಚೂಡಿದಾರೋ ಬದಲಾಯಿಸಿ, ರಿಪೋರ್ಟಿನ ಮೊದಲ ಪುಟ ಬರೆದು ಹೊರಡಬಹುದು. ಇಲ್ಲದಿದ್ದರೆ ಲಾಬಿಯ ಸೋಫಾ. ಇದಕ್ಕೆ ನಾನು ನಿಜವಾಗಿಯೂ ದುಡ್ಡು ಕೊಟ್ಟಿದ್ದೇನೆ, ಅದಕ್ಕೇ 1,500. ಮ್ಯಾರಿಯಟ್‌ನಲ್ಲಿ ಇದು 50 ರಾತ್ರಿಯ ಪ್ಲಾಟಿನಂಗೇ ಸಿಗುತ್ತದೆ, ರೆಸಾರ್ಟು ಮತ್ತು ದೊಡ್ಡ ಸಮ್ಮೇಳನದ ಹೋಟೆಲುಗಳಲ್ಲಿ ಮಾತ್ರ ಖಾಲಿ ಇದ್ದರೆ ಉಂಟು. ಅಲ್ಲಿಂದ ಮೇಲೆ ಹೋದರೆ ಸಮಯ ಹೆಚ್ಚುವುದಿಲ್ಲ. ಅಂಬಾಸಡರ್‌ಗೆ ಒಂದು ಬೇರೆ ಸೌಲಭ್ಯ ಇದೆ. 24 ಗಂಟೆ ಯಾವಾಗಿನಿಂದ ಯಾವಾಗಿನ ತನಕ ಅಂತ ನೀವೇ ಆರಿಸಬಹುದು. ರಾತ್ರಿ ಎರಡಕ್ಕೋ ಮೂರಕ್ಕೋ ಬಂದಿಳಿಯುವ ವಿದೇಶಿ ವಿಮಾನದವರಿಗೆ ಇದು ಒಂದು ರಾತ್ರಿಯ ಬಾಡಿಗೆ ಉಳಿಸುತ್ತದೆ. ಆದರೆ ಮುಂಚೆಯೇ ಕೇಳಬೇಕು, ಹೋಟೆಲಿನವರು ಒಪ್ಪಲೂ ಬೇಕು.

ರೂಮ್ ಅಪ್‌ಗ್ರೇಡ್. ‘ಲಭ್ಯವಿದ್ದರೆ’ ಅನ್ನುವ ಒಂದು ಪದದಲ್ಲಿ ಇಡೀ ಕಥೆ ಇದೆ. ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಮಂಗಳವಾರ ರಾತ್ರಿ ಲಿಫ್ಟಿನಲ್ಲಿ ನಿಂತವರೆಲ್ಲ ದೊಡ್ಡ ದರ್ಜೆಯವರೇ. ಊರಿಗೆಲ್ಲ ಗೌಡರಾದರೆ ಯಾರಿಗೆ ಯಾರು ನಮಸ್ಕಾರ ಮಾಡಬೇಕು? ಅದೇ ಹೋಟೆಲಿಗೆ ಭಾನುವಾರ ಸಂಜೆ ಹೋಗಿ, ಪ್ರಾಯಶಃ ಒಳ್ಳೆಯ ರೂಮು ಸಿಗುತ್ತದೆ. ರೆಸಾರ್ಟಿನಲ್ಲಿ ಇದು ತಿರುಗಾಮುರುಗಾ. ಕೊಡಗಿಗೆ ಶನಿವಾರ ಹೋಗಿ ಅಪ್‌ಗ್ರೇಡ್ ಕೇಳಬೇಡಿ, ಬುಧವಾರ ಹೋಗಿ.

ಪಾಯಿಂಟು. ಇದು ಗಟ್ಟಿ ಲಾಭ, ಆದರೆ ಇಲ್ಲೂ ಮೇಲಿನ ಮೆಟ್ಟಿಲು ಅಂದುಕೊಂಡಷ್ಟು ಕೊಡುವುದಿಲ್ಲ. ಮ್ಯಾರಿಯಟ್‌ನಲ್ಲಿ ಹೆಚ್ಚಿನ ಬ್ರ್ಯಾಂಡುಗಳಲ್ಲಿ ಒಂದು ಡಾಲರಿಗೆ 10 ಪಾಯಿಂಟು. ಪ್ಲಾಟಿನಂಗೆ ಅದರ ಮೇಲೆ ಶೇ. 50, ಟೈಟೇನಿಯಂಗೆ ಶೇ. 75. ಅಂಬಾಸಡರ್‌ಗೂ ಅದೇ 75. ಮೇಲೆ ಹೇಳಿದ 9,000 ಡಾಲರ್ ಖರ್ಚಿಗೆ ಪ್ಲಾಟಿನಂ ಬೋನಸ್ 45,000 ಪಾಯಿಂಟು, ಟೈಟೇನಿಯಂದು 67,500. ವ್ಯತ್ಯಾಸ 22,500. ನಾನು ಒಂದು ಪಾಯಿಂಟಿಗೆ 50 ಪೈಸೆ ಹಿಡಿಯುತ್ತೇನೆ. ಅಂದರೆ ಇಡೀ ವರ್ಷಕ್ಕೆ 11,250 ರೂಪಾಯಿ. ಚೆನ್ನಾಗಿದೆ, ಆದರೆ ಅದಕ್ಕಾಗಿ 25 ರಾತ್ರಿ ಜಾಸ್ತಿ ಮನೆ ಬಿಟ್ಟು ಇರೋಕೆ ಆಗುತ್ತದಾ ಅಂತ ಮಕ್ಕಳನ್ನು ಕೇಳಿ ನೋಡಿ. ಪಾಯಿಂಟು ಖರ್ಚು ಮಾಡುವಾಗ ಒಂದು ಕಿವಿಮಾತು: ಮ್ಯಾರಿಯಟ್‌ನಲ್ಲಿ ಒಟ್ಟಿಗೆ 5 ರಾತ್ರಿ ಪಾಯಿಂಟಲ್ಲಿ ತೆಗೆದುಕೊಂಡರೆ 4 ರಾತ್ರಿಯ ಪಾಯಿಂಟು ಮಾತ್ರ ಹೋಗುತ್ತದೆ. 24 ತಿಂಗಳು ಖಾತೆಯಲ್ಲಿ ಏನೂ ಓಡಾಟ ಇಲ್ಲದಿದ್ದರೆ ಎಲ್ಲ ಪಾಯಿಂಟೂ ಹೋಗುತ್ತದೆ, ಅದೂ ನೆನಪಿರಲಿ.

ಸ್ಟೇಟಸ್ ಹುಚ್ಚಿನಲ್ಲಿ ಜನ ನೋಡದ ಲೆಕ್ಕ ಒಂದಿದೆ, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂಪಾಯಿ ತನಕದ ರೂಮಿಗೆ ಶೇ. 5, ಅದರ ಮೇಲೆ ಶೇ. 18. 7,400ರ ರೂಮು ಕೈಗೆ ಬರುವಾಗ 7,770. 7,600ರ ರೂಮು 8,968. ದರದಲ್ಲಿ 200 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ 1,198. ಸ್ವಂತ ದುಡ್ಡಿನ ಟ್ರಿಪ್ಪಿನಲ್ಲಿ ‘ನಮ್ಮ ಗುಂಪಿನ ಹೋಟೆಲೇ ಆಗಬೇಕು’ ಅಂತ ಹಟ ಹಿಡಿದಾಗ ಮೊದಲು ಹೋಗುವುದು ಈ ದುಡ್ಡು.

ಕನ್ಸಿಯರ್ಜ್ ಅಂದರೆ ಮೂರು ಬೇರೆ ಜನ

ಒಂದು, ಲಾಬಿಯಲ್ಲಿ ಮೇಜಿನ ಹಿಂದೆ ನಿಂತವರು. ಅವರ ಕೋಟಿನ ಕಾಲರಿನಲ್ಲಿ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಬಂಗಾರದ ಬೀಗದಕೈ ಕಂಡರೆ ಅವರು ಲೆ ಕ್ಲೇ ದೋರ್ ಅನ್ನುವ ಕನ್ಸಿಯರ್ಜ್‌ಗಳ ಸಂಘದವರು. 1929ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಸಂಘ, ಭಾರತದಲ್ಲೂ ಅದರ ಶಾಖೆ ಇದೆ. ಇವರ ಸೇವೆಗೆ ಯಾವ ಸ್ಟೇಟಸೂ ಬೇಡ. ಒಂದೇ ರಾತ್ರಿ ತಂಗಿದವರಿಗೂ ಸಿಗುತ್ತದೆ. ಆದರೂ ನಮ್ಮವರು ಹೋಗಿ ಕೇಳುವುದಿಲ್ಲ, ಸಂಕೋಚ. ಬಾಸೆಲ್‌ನಲ್ಲಿ ಭಾನುವಾರ ನನ್ನ ಕನ್ನಡಕದ ಸ್ಕ್ರೂ ಬಿದ್ದುಹೋಯಿತು. ಅಂಗಡಿಗಳೆಲ್ಲ ಬಂದ್. ಲಾಬಿಯ ಹಿರಿಯರೊಬ್ಬರು ತಮ್ಮ ಡ್ರಾಯರಿನಿಂದ ಸಣ್ಣ ಸ್ಕ್ರೂಡ್ರೈವರ್ ಡಬ್ಬಿ ತೆಗೆದು, ಅಲ್ಲೇ ನಿಂತು ಹಾಕಿಕೊಟ್ಟರು. ಅವರಿಗೆ ನನ್ನ ದರ್ಜೆ ಗೊತ್ತಿರಲೂ ಇಲ್ಲ.

ಎರಡು, ಕ್ರೆಡಿಟ್ ಕಾರ್ಡಿನ ಜೊತೆ ಬರುವ ಕನ್ಸಿಯರ್ಜ್. ಇದು ಮರ್ಯಾದೆಯಿಂದ ಮಾತಾಡುವ ಕಾಲ್ ಸೆಂಟರ್. ವಿಶಾಖಪಟ್ಟಣದ ನಮ್ಮ ಹಳೆಯ ಮೇಷ್ಟರಿಗೆ ಧಾರವಾಡ ಪೇಡ ಕಳಿಸಬೇಕಿತ್ತು. ಸುಮ್ನೆ ಪರೀಕ್ಷೆ ಮಾಡೋಣ ಅಂತ ಫೋನ್ ಮಾಡಿದೆ. ಮೂರು ದಿನ, ನಾಲ್ಕು ಇಮೇಲ್. ಕೊನೆಗೆ ಬಂದ ಕೊಟೇಶನ್‌ನಲ್ಲಿ ಪೇಡಕ್ಕಿಂತ ತಲುಪಿಸುವ ಚಾರ್ಜೇ ಜಾಸ್ತಿ ಇತ್ತು. ಧಾರವಾಡದ ನಮ್ಮಣ್ಣ ಲೈನ್ ಬಜಾರಿಗೆ ಹೋಗಿ ಎರಡು ಕಿಲೋ ಕೊಂಡು ಕೊರಿಯರ್ ಹಾಕಿದ. ಕನ್ಸಿಯರ್ಜ್ ಪುಕ್ಕಟೆ ಅಂದರೆ ಕೇಳುವುದು ಪುಕ್ಕಟೆ, ತರಿಸಿದ ವಸ್ತುವಿನ ದುಡ್ಡು ನಿಮ್ಮದೇ.

ಮೂರು, ಮೇಲಿನ ದರ್ಜೆಯ ಜೊತೆ ಬರುವ ಪರ್ಸನಲ್ ಕನ್ಸಿಯರ್ಜ್. ಹೆಸರು, ಇಮೇಲು, ಫೋನ್ ನಂಬರು ಕೊಡುತ್ತಾರೆ. ಮೊದಲ ದಿನ ಬಂದ ಪತ್ರ ಓದಿ ನನಗೆ ರಾಣಿಯಾದ ಹಾಗೆ ಅನ್ನಿಸಿದ್ದು ಸುಳ್ಳಲ್ಲ. ನನಗೆ ಸಿಕ್ಕವರು ನಿಜವಾಗಲೂ ಒಳ್ಳೆಯ ಹೆಂಗಸು. ಆದರೆ ಅವರು ಹೋಟೆಲಿನಲ್ಲಿ ಇರುವುದಿಲ್ಲ, ದೂರದ ಯಾವುದೋ ಆಫೀಸಿನಲ್ಲಿ ಇರುತ್ತಾರೆ. ನೀವು ಹೇಳಿದ್ದನ್ನು ಅವರು ಹೋಟೆಲಿನ ಫ್ರಂಟ್ ಆಫೀಸಿಗೆ ಮೇಲ್ ಮಾಡುತ್ತಾರೆ. ರೂಮಿನ ಬೀಗ ಇರುವುದು ಫ್ರಂಟ್ ಆಫೀಸಿನ ಕೈಯಲ್ಲಿ.

ಇದು ನನಗೆ ಅರ್ಥವಾದದ್ದು ಅವ್ವನನ್ನು ಕರೆದುಕೊಂಡು ಹೋದಾಗ. ಅವ್ವನ ಮಂಡಿ ಆಪರೇಷನ್ ಆಗಿ ಒಂದು ವರ್ಷ. ವಾಕರ್ ಹಿಡಿದು ನಡೆಯುತ್ತಾಳೆ. ಸ್ನಾನದ ತೊಟ್ಟಿ ದಾಟೋಕೆ ಆಗುವುದಿಲ್ಲ, ನೆಲಕ್ಕೆ ಸಮನಾದ ಶವರ್ ಬೇಕು, ಲಿಫ್ಟಿನ ಹತ್ತಿರದ ರೂಮು ಬೇಕು. ಕನ್ಸಿಯರ್ಜ್‌ಗೆ ಹತ್ತು ದಿನ ಮೊದಲೇ ಬರೆದೆ. ‘ಎಲ್ಲ ಆಯಿತು’ ಅಂತ ಚೆಂದದ ಉತ್ತರ ಬಂತು. ರಾತ್ರಿ ಒಂದು ಗಂಟೆಗೆ ಹೋಗಿ ನಿಂತರೆ ಕೌಂಟರಿನ ಹುಡುಗನಿಗೆ ಏನೂ ಗೊತ್ತಿಲ್ಲ. ಕೊಟ್ಟಿದ್ದು ಕಾರಿಡಾರಿನ ಕೊನೆಯ ರೂಮು, ಒಳಗೆ ಆಳದ ತೊಟ್ಟಿ. ಆ ಹೊತ್ತಿನಲ್ಲಿ ಕನ್ಸಿಯರ್ಜ್ ಫೋನ್ ಎತ್ತುವ ಸಮಯವೂ ಅಲ್ಲ. ಡ್ಯೂಟಿ ಮ್ಯಾನೇಜರ್ ಬಂದು ಸರಿ ಮಾಡುವ ತನಕ ಅವ್ವ ಲಾಬಿಯಲ್ಲಿ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಒಂದು ಪರೀಕ್ಷೆ ಮಾಡಿದೆ. ಆರು ಸಲ ಕನ್ಸಿಯರ್ಜ್ ಮೂಲಕ ಹೇಳಿಸಿದೆ, ಆರು ಸಲ ನಾನೇ ಹೋಟೆಲಿಗೆ ಬರೆದೆ. ಅವರ ಮೂಲಕ ನಾಲ್ಕು ಸಲ ಕೇಳಿದ್ದು ಆಯಿತು. ನಾನೇ ಬರೆದಾಗ ಐದು ಸಲ. ಹನ್ನೆರಡೇ ಸಲದ ಲೆಕ್ಕ, ಆಡಿಟರ್ ಆಗಿ ಇದನ್ನು ಸಾಕ್ಷಿ ಅಂತ ಒಪ್ಪುವವಳಲ್ಲ ನಾನು. ಆದರೆ ಮುಂದೆ ನಾನೇ ಬರೆಯಬೇಕು ಅಂತ ತೀರ್ಮಾನಿಸಲು ನನಗೆ ಸಾಕಾಯಿತು.

ನೀವೂ ಬರೆಯಬಹುದು. ಹೀಗೆ ಮಾಡಿ. ಹೋಟೆಲಿಗೆ ಫೋನ್ ಮಾಡಿ ಫ್ರಂಟ್ ಆಫೀಸ್ ಮ್ಯಾನೇಜರ್ ಮತ್ತು ಕನ್ಸಿಯರ್ಜ್ ಡೆಸ್ಕಿನ ಇಮೇಲ್ ಕೇಳಿ, ಕೊಡುತ್ತಾರೆ. ಹೋಗುವ ಮೂರ್ನಾಲ್ಕು ದಿನ ಮೊದಲು ಬರೆಯಿರಿ. ತುಂಬಾ ಮೊದಲೇ ಬರೆದರೆ ಮೇಲ್ ಅಡಿಗೆ ಹೋಗುತ್ತದೆ. ವಿಷಯದ ಸಾಲಿನಲ್ಲೇ ಕನ್ಫರ್ಮೇಶನ್ ನಂಬರು, ತಾರೀಕು, ಯಾರ ಹೆಸರಿನಲ್ಲಿ ರೂಮು, ಮೂರೂ ಇರಲಿ. ಎರಡಕ್ಕಿಂತ ಜಾಸ್ತಿ ಕೇಳಬೇಡಿ. ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ. ‘ಶವರ್ ಇರುವ ರೂಮು ಬೇಕು’ ಅಂದರೆ ಅದು ಆಸೆ. ‘ತಾಯಿ ವಾಕರ್ ಹಿಡಿದು ನಡೆಯುತ್ತಾರೆ, ತೊಟ್ಟಿ ದಾಟಲು ಆಗುವುದಿಲ್ಲ’ ಅಂದರೆ ಓದಿದವರಿಗೆ ಜವಾಬ್ದಾರಿ ಬರುತ್ತದೆ. ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ತಪ್ಪದೆ ಬರೆಯಿರಿ. ಕೊನೆಗೆ ಹಿಂದಿನ ದಿನ ಸಂಜೆ ಡ್ಯೂಟಿ ಮ್ಯಾನೇಜರ್‌ಗೆ ಒಂದು ಫೋನ್. ರೂಮ್ ನಂಬರೇ ಕೇಳಿಬಿಡಿ. ನಂಬರು ಹೇಳಿದರೆ ಕೆಲಸ ಆಗಿದೆ ಅಂತ ಅರ್ಥ, ‘ನೋಟ್ ಮಾಡ್ಕೊಂಡಿದೀವಿ ಮೇಡಂ’ ಅಂದರೆ ಆಗಿಲ್ಲ ಅಂತ ಅರ್ಥ.

ಹಾಗಂತ ಪರ್ಸನಲ್ ಕನ್ಸಿಯರ್ಜ್ ವ್ಯರ್ಥ ಅಂತಲ್ಲ. ಅವರ ಶಕ್ತಿ ಇರುವುದು ಲೆಕ್ಕಪತ್ರದಲ್ಲಿ. ತಂಗಿದ ರಾತ್ರಿ ಎಣಿಕೆಗೆ ಬಂದಿಲ್ಲ, ಕುಡಿಯದ ಮಿನಿಬಾರಿಗೆ ಬಿಲ್ ಹಾಕಿದ್ದಾರೆ, ರದ್ದಾದ ಬುಕಿಂಗಿನ ದುಡ್ಡು ವಾಪಸ್ ಬಂದಿಲ್ಲ. ಇಂಥವನ್ನು ನಾನು ಮಾಡಿದರೆ ಮೂರು ವಾರ, ಅವರು ಮಾಡಿದರೆ ಎರಡು ದಿನ. ಒಂದೇ ತಿಂಗಳಲ್ಲಿ ನಾಲ್ಕು ದೇಶ ಸುತ್ತುವವರಿಗೆ, ಬಾಸಿನ ಟ್ರಿಪ್ಪನ್ನೂ ನೋಡಿಕೊಳ್ಳುವವರಿಗೆ ಅದು ದೊಡ್ಡ ನೆಮ್ಮದಿ. ಇಬ್ಬರು ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ಕಟ್ಟಿಕೊಂಡು ವರ್ಷಕ್ಕೆ ಒಂದು ಸಲ ಅಮೆರಿಕದಿಂದ ಬರುವ ಕನ್ನಡಿಗರಿಗೂ ಅನುಕೂಲವೇ, ಆದರೆ ಅವರಿಗೆ ರಾತ್ರಿಗಳು ಎಲ್ಲಿಂದ ತುಂಬಬೇಕು? ಮೂರು ರೂಮು ತೆಗೆದರೂ ಮ್ಯಾರಿಯಟ್‌ನಲ್ಲಿ ಪಾಯಿಂಟು ಮೂರಕ್ಕೂ ಬರುತ್ತದೆ, ರಾತ್ರಿಯ ಎಣಿಕೆ ಒಂದೇ ರೂಮಿಗೆ.

ನನ್ನ ಎರಡು ವರ್ಷದ ಕಾಲಂ

ನಡುವಿನ ದರ್ಜೆಯಲ್ಲಿದ್ದ ವರ್ಷ, 50ರ ಆಚೆ ಈಚೆ ರಾತ್ರಿ. ತಡವಾದ ಚೆಕ್‌ಔಟ್ 9 ಸಲ, 13,500. ಲೌಂಜ್ 22 ಸಂಜೆ, 8,800. ಸ್ವಂತ ಟ್ರಿಪ್ಪಿನ ತಿಂಡಿ 7,200. ಬೋನಸ್ ಪಾಯಿಂಟು 12,000. ಅವ್ವ ಜೊತೆಗಿದ್ದಾಗ ಒಂದು ಸಲ ಸಿಕ್ಕ ದೊಡ್ಡ ರೂಮಿಗೆ 3,000. ಒಟ್ಟು 44,500. ಇದಕ್ಕಾಗಿ ನಾನು ಏನೂ ಹೆಚ್ಚಿಗೆ ಮಾಡಿರಲಿಲ್ಲ, ಕೆಲಸಕ್ಕೆ ಹೋದೆ, ಅದಾಗಿಯೇ ಬಂತು.

ಮೇಲಿನ ದರ್ಜೆ ಹಿಡಿದ 2023. ರಾತ್ರಿಗಳು ಜಾಸ್ತಿ, ಆದ್ದರಿಂದ ಒಟ್ಟು ಮೊತ್ತವೂ ಜಾಸ್ತಿ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಅಷ್ಟೇ ರಾತ್ರಿಗಳನ್ನು ನಡುವಿನ ದರ್ಜೆಯಲ್ಲೇ ಕಳೆದಿದ್ದರೆ ಏನು ಕಮ್ಮಿಯಾಗುತ್ತಿತ್ತು? ಪಾಯಿಂಟಿನಲ್ಲಿ 7,000, ರೂಮಿನಲ್ಲಿ 3,000, ಕನ್ಸಿಯರ್ಜ್ ಬಿಡಿಸಿಕೊಟ್ಟ ಬಿಲ್ ಜಗಳಗಳಿಗೆ 5,000. ಒಟ್ಟು 15,000. ಮೇಲಿನ ಮೆಟ್ಟಿಲಿನ ನಿಜವಾದ ಬೆಲೆ ಅಷ್ಟೇ.

ಅದಕ್ಕೆ ನಾನು ಕೊಟ್ಟಿದ್ದು? ಡಿಸೆಂಬರಿನಲ್ಲಿ 4 ರಾತ್ರಿ ಕಮ್ಮಿ ಬಿತ್ತು. ಹೊಸೂರು ರಸ್ತೆಯ ಕಡೆ 4,500 ರೂಪಾಯಿಯ ಒಂದು ರೂಮು ಹಿಡಿದು, ಅಲ್ಲೇ ಮಲಗಿ ಅಲ್ಲಿಂದಲೇ ಆಫೀಸಿಗೆ ಹೋದೆ. ಆಗಿನ ಶೇ. 12 ತೆರಿಗೆ ಸೇರಿ 20,160. ಮನೆಗೆ ಬಂದಿದ್ದ ಅವ್ವ ಫೋನಿನಲ್ಲೇ ಕೇಳಿದಳು, ‘ಸ್ವಂತ ಮನಿ ಇಟ್ಕೊಂಡು ಹೋಟೆಲಿನ್ಯಾಗ ಮಲಗಾಕ ರೊಕ್ಕ ಕೊಡ್ತಿ? ತಲಿ ಕೆಟ್ಟೈತೇನ ನಿನಗ?’ ಮೂಗಿಗಿಂತ ಮೂಗುತಿ ಭಾರ ಅಂತ ಅವ್ವ ಹೇಳಲಿಲ್ಲ, ನೋಟ್‌ಬುಕ್ಕೇ ಹೇಳಿತು. ಇದರ ಮೇಲೆ, ಫ್ಯಾಕ್ಟರಿ ಪಕ್ಕದ ಒಳ್ಳೆಯ ಲಾಡ್ಜ್ ಬಿಟ್ಟು ‘ನಮ್ಮ’ ಹೋಟೆಲಿಗಾಗಿ ದಿನಾ ಒಂದೂವರೆ ಗಂಟೆ ಕಾರಿನಲ್ಲಿ ಕೂತಿದ್ದು ಬೇರೆ.

ಹಾಗಾದರೆ ಏನು ಮಾಡಬೇಕು ಅಂತೀರಾ. ಮುಂದಿನ ವರ್ಷ ಕೆಲಸಕ್ಕಾಗಿ ಹೇಗೂ ಕಳೆಯಲೇಬೇಕಾದ ರಾತ್ರಿಗಳನ್ನು ಊರಿನ ಸಮೇತ ಬರೆಯಿರಿ. ಆ ಊರುಗಳಲ್ಲಿ ಯಾವ ಗುಂಪಿನ ಹೋಟೆಲು ಕೆಲಸದ ಜಾಗಕ್ಕೆ ಹತ್ತಿರ ಇದೆ ನೋಡಿ. 40 ದಾಟುವುದಾದರೆ ಒಂದೇ ಗುಂಪಿಗೆ ಹಾಕಿ, 50-60ರ ದರ್ಜೆ ತಾನಾಗೇ ಬರುವ ಹಾಗೆ ನೋಡಿಕೊಳ್ಳಿ. ಸ್ವಲ್ಪ ಕಮ್ಮಿ ಬಿದ್ದರೆ ಕಾರ್ಡಿನಿಂದ ತುಂಬಬಹುದು. 2023ರಲ್ಲಿ ಬಂದ ಎಚ್‌ಡಿಎಫ್‌ಸಿಯ ಮ್ಯಾರಿಯಟ್ ಕಾರ್ಡು ವರ್ಷಕ್ಕೆ 3,000 ರೂಪಾಯಿ ಮತ್ತು ಜಿಎಸ್‌ಟಿಗೆ ಶುರುವಾಯಿತು. ಅದರಲ್ಲಿ 10 ರಾತ್ರಿಯ ಎಣಿಕೆ ಬರುತ್ತಿತ್ತು, ಹೋಟೆಲಿನಲ್ಲಿ ಮಲಗುವ ನನ್ನ ಹುಚ್ಚಿಗಿಂತ ಎಷ್ಟೋ ಅಗ್ಗ. ತೆಗೆದುಕೊಳ್ಳುವ ಮುಂಚೆ ಈಗಿನ ಷರತ್ತು ಓದಿಕೊಳ್ಳಿ. 20 ರಾತ್ರಿಗಿಂತ ಕಮ್ಮಿ ಇರುವವರು ಈ ತಲೆನೋವೇ ಬಿಡಿ. ಪ್ರತಿ ಸಲ ಹತ್ತಿರದ, ಒಳ್ಳೆಯ, ಅಗ್ಗದ ರೂಮು ನೋಡಿ. ವರ್ಷಾನುಗಟ್ಟಲೆ ತಿರುಗುವ ಕೆಲಸ ಅಂತ ಖಚಿತ ಇರುವವರು ಮಾತ್ರ ಜೀವನಪೂರ್ತಿಯ ದರ್ಜೆಯ ಕಡೆ ಒಂದು ಕಣ್ಣಿಡಿ. ಮ್ಯಾರಿಯಟ್‌ನಲ್ಲಿ 600 ರಾತ್ರಿ ಮತ್ತು 10 ವರ್ಷ ಪ್ಲಾಟಿನಂ ಆಗಿದ್ದರೆ, ಆಮೇಲೆ ಜೀವನಪೂರ್ತಿ ಪ್ಲಾಟಿನಂ.

ಮತ್ತೆ, ಆದಷ್ಟು ಒಂದು ಊರಿಗೆ ಒಂದೇ ಹೋಟೆಲು ಇಟ್ಟುಕೊಳ್ಳಿ. ಧಾರವಾಡದಲ್ಲಿ ಎಂ.ಎಸ್‌ಸಿ. ಓದುವಾಗ ಹಾಸ್ಟೆಲ್ ಸಿಗದೆ ತಿಂಗಳ ಕೂಪನ್ ತಗೊಂಡು ಒಂದು ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಮೂರನೇ ತಿಂಗಳಿಂದ ನನ್ನ ತಟ್ಟೆಗೆ ಕೇಳದೆಯೇ ಎಣ್ಣೆಗಾಯಿ ಒಂದು ಚಮಚ ಜಾಸ್ತಿ ಬೀಳುತ್ತಿತ್ತು, ಆರಿದ ರೊಟ್ಟಿ ಬರುತ್ತಿರಲಿಲ್ಲ. ಹೈದರಾಬಾದಿನ ನನ್ನ ಹೋಟೆಲಿನಲ್ಲೂ ಹಾಗೇ ಆಗಿದೆ. ಸ್ಟೇಟಸ್ ಇಳಿದ ಮೇಲೆ ಮೊದಲ ಸಲ ಹೋದಾಗ ಸ್ವಲ್ಪ ಅಳುಕಿತ್ತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡುವ ಮೊದಲೇ, ರಸ್ತೆಯ ಸದ್ದು ಬಾರದ ಹಿಂಬದಿಯ ರೂಮಿನ ಕಾರ್ಡ್ ಎತ್ತಿಕೊಟ್ಟಳು. ಚೆಕ್‌ಔಟ್ ಎಷ್ಟು ಗಂಟೆಗೆ ಅಂತ ನಾನು ಕೇಳಿದೆ.

‘ನಿಮ್ಮದು ಯಾವಾಗಲೂ ನಾಲ್ಕು ಗಂಟೆಗೇ ಅಲ್ವಾ ಮೇಡಂ’ ಅಂದಳು.